ಬೆಸವೋ, ಸಮವೋ: ಒಂದು ಪ್ರೋಬ್ ಮಾಡಲು ಹೋದ ಕಥೆ

ಆ ಬಾಟಲಿ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿತ್ತು. ನನಗಿಂತ ಮುಂಚೆ ಲ್ಯಾಬಿನಲ್ಲಿದ್ದ ಯಾರೋ ಮಾಡಿಟ್ಟು ಹೋಗಿದ್ದ ಬಿಳಿ ಪುಡಿ. ಲೇಬಲ್ ಅರ್ಧ ಅಳಿಸಿತ್ತು, 17 ಅನ್ನುವ ಅಂಕಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು. 17 ಕಾರ್ಬನ್ ಉದ್ದದ ಕೊಬ್ಬಿನಾಮ್ಲ ಅದು. ಒಂದು ತುದಿಯಲ್ಲಿ ಆಮ್ಲದ ಬಾಯಿ ಮುಚ್ಚಿಟ್ಟಿದ್ದರು, ಇನ್ನೊಂದು ತುದಿಯಲ್ಲಿ ಫ್ಲೋರಿನ್ ಬಂದು ಕೂರಲು ಜಾಗ ಮಾಡಿಟ್ಟಿದ್ದರು. ಇಂಥದ್ದಕ್ಕೆ ನಾವು ಪ್ರಿಕರ್ಸರ್ ಅನ್ನುತ್ತೇವೆ. ಹೊಸದಾಗಿ ಒಂದು ಮಾಡಬೇಕೆಂದರೆ ತಿಂಗಳುಗಟ್ಟಲೆ ಕೆಲಸ. ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ತೆಗೆದು ನೋಡಿದೆ, ಪುಡಿ ಇನ್ನೂ ಕೆಟ್ಟಿರಲಿಲ್ಲ. ರೆಡಿ ಇರುವುದನ್ನು ಬಿಟ್ಟು ಹೊಸದು ಯಾಕೆ ಮಾಡಬೇಕು ಅಂತ ಅದನ್ನೇ ಎತ್ತಿಕೊಂಡೆ. 17 ಯಾಕೆ, 16 ಯಾಕಲ್ಲ ಅಂತ ಒಂದು ಕ್ಷಣವೂ ಯೋಚಿಸಲಿಲ್ಲ.

ನಾವು ಮಾಡಲು ಹೊರಟಿದ್ದು ಹೃದಯದ ಕೊಬ್ಬನ್ನು ಹಿಂಬಾಲಿಸುವ ಒಂದು ವಿಕಿರಣಶೀಲ ಪ್ರೋಬ್, ಅಂದರೆ ದೇಹದೊಳಗೆ ಎಲ್ಲಿಗೆ ಹೋಯಿತು ಅಂತ ಹೊರಗಿನಿಂದ ನೋಡಬಹುದಾದ ಅಣು. ಕೊಬ್ಬು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ರಕ್ತಪರೀಕ್ಷೆಯ ಚೀಟಿ: ಕೊಲೆಸ್ಟ್ರಾಲ್ ಇಷ್ಟು, ಟ್ರೈಗ್ಲಿಸರೈಡ್ ಅಷ್ಟು. ಆದರೆ ರಕ್ತದಲ್ಲಿ ಹರಿಯುವ ಕೊಬ್ಬೇ ಬೇರೆ, ಜೀವಕೋಶದ ಒಳಗೆ ಕೂತಿರುವ ಕೊಬ್ಬೇ ಬೇರೆ. ಹೊಟ್ಟೆ ಖಾಲಿ ಇದ್ದಾಗ ಹೃದಯ ತನ್ನ ಶಕ್ತಿಯ ಅರ್ಧಕ್ಕಿಂತ ಜಾಸ್ತಿ ಪಾಲನ್ನು ಕೊಬ್ಬಿನಾಮ್ಲ ಸುಟ್ಟೇ ಪಡೆಯುತ್ತದೆ. ಬಂದದ್ದರಲ್ಲಿ ಸ್ವಲ್ಪವನ್ನು ಟ್ರೈಗ್ಲಿಸರೈಡ್ ಮಾಡಿ ಸಣ್ಣ ಹನಿಗಳಾಗಿ ಇಟ್ಟುಕೊಳ್ಳುತ್ತದೆ, ಬೇಕಾದಾಗ ಒಡೆದು ಬಳಸುತ್ತದೆ. ಒಡೆಯುವ ಎಂಜೈಮಿನ ಹೆಸರು ಎಟಿಜಿಎಲ್. ಅದು ಕೆಲಸ ಮಾಡದಿದ್ದರೆ ಹೃದಯಕ್ಕೆ ಕೊಬ್ಬು ಬರುತ್ತಲೇ ಇರುತ್ತದೆ, ಹೋಗುವುದಿಲ್ಲ. ಉಗ್ರಾಣ ತುಂಬಿದೆ, ಬೀಗದ ಕೈ ಕಳೆದುಹೋಗಿದೆ.

ಇಂಥ ಒಂದು ಕಾಯಿಲೆಯನ್ನು 2008ರಲ್ಲಿ ಜಪಾನಿನ ಒಸಾಕಾದಲ್ಲಿ ಕೆನ್-ಇಚಿ ಹಿರಾನೊ ಮತ್ತು ಜೊತೆಯವರು ವರದಿ ಮಾಡಿದರು. ಹೃದಯ ಕಸಿ ಬೇಕಾಗುವಷ್ಟು ಹೃದಯ ಸೋತಿದ್ದ ರೋಗಿ. ಹೃದಯದ ಸ್ನಾಯುವಿನಲ್ಲಿ, ಹೃದಯದ ರಕ್ತನಾಳದ ಗೋಡೆಯಲ್ಲಿ ಟ್ರೈಗ್ಲಿಸರೈಡ್ ತುಂಬಿತ್ತು. ಕಾಯಿಲೆಗೆ ಚಿಕ್ಕದಾಗಿ ಟಿಜಿಸಿವಿ ಅನ್ನುತ್ತಾರೆ. ಇದರಲ್ಲಿ ರಕ್ತದ ಟ್ರೈಗ್ಲಿಸರೈಡ್ ನೋಡಿದರೆ ಏನೂ ಗೊತ್ತಾಗುವುದಿಲ್ಲ, ದಪ್ಪಗಿದ್ದಾರಾ ತೆಳ್ಳಗಿದ್ದಾರಾ ಅನ್ನುವುದರಿಂದಲೂ ಗೊತ್ತಾಗುವುದಿಲ್ಲ. ಹೃದಯದ ಒಳಗೇ ಇಣುಕಬೇಕು.

ಇಣುಕುವ ದಾರಿ ಜಪಾನಿನಲ್ಲಿ ಆಗಲೇ ಇತ್ತು. 1993ರಿಂದ ಅಲ್ಲಿ ಬಿಎಂಐಪಿಪಿ ಅನ್ನುವ ಔಷಧ ಬಳಕೆಯಲ್ಲಿದೆ. ಅದೂ ಒಂದು ಕೊಬ್ಬಿನಾಮ್ಲವೇ. ಅದರ ತುದಿಯಲ್ಲಿ ಒಂದು ಫಿನೈಲ್ ಉಂಗುರ (ಆರು ಕಾರ್ಬನ್ನಿನ ಬಳೆ), ಉಂಗುರಕ್ಕೆ ಅಂಟಿಕೊಂಡ ವಿಕಿರಣಶೀಲ ಅಯೋಡಿನ್-123. ಚುಚ್ಚುಮದ್ದಾಗಿ ಕೊಟ್ಟು ಸುಮಾರು ಅರ್ಧ ಗಂಟೆಯೊಳಗೆ ಒಂದು ಚಿತ್ರ, ಮೂರು ನಾಲ್ಕು ಗಂಟೆ ಬಿಟ್ಟು ಇನ್ನೊಂದು. ಮೊದಲ ಚಿತ್ರದಲ್ಲಿ ಇದ್ದದ್ದರಲ್ಲಿ ಎಷ್ಟು ಪಾಲು ಎರಡನೆಯ ಚಿತ್ರದ ಹೊತ್ತಿಗೆ ಹೃದಯ ಬಿಟ್ಟು ಹೋಯಿತು? ಅದೇ ವಾಶ್‌ಔಟ್. ಅದು ಶೇಕಡಾ 10ಕ್ಕಿಂತ ಕಡಿಮೆ ಇದ್ದರೆ ಟಿಜಿಸಿವಿ ಇರಬಹುದು ಅಂತ ವೈದ್ಯರು ಯೋಚಿಸುತ್ತಾರೆ. ಇಷ್ಟು ಸರಳವಾದ ಲೆಕ್ಕ ಒಂದು ಕಾಯಿಲೆಯ ಗುರುತಾಗಿರುವುದು ನನಗೆ ಈಗಲೂ ಆಶ್ಚರ್ಯ.

ಮತ್ತೆ ಹೊಸದು ಯಾಕೆ? ಅಯೋಡಿನ್-123ರ ಚಿತ್ರ ಬರುವುದು ಸ್ಪೆಕ್ಟ್ ಎಂಬ, ದೇಹದೊಳಗಿನ ವಿಕಿರಣ ಹಿಡಿಯುವ ಕ್ಯಾಮೆರಾದಲ್ಲಿ. ಪೆಟ್ ಅಂಥದ್ದೇ ಇನ್ನೊಂದು ಬಗೆ. ಪೆಟ್ ಸ್ಕ್ಯಾನ್‌ನಲ್ಲಾದರೆ ಚಿತ್ರ ಇನ್ನೂ ತಿಳಿಯಾಗಿರುತ್ತದೆ, ಅಂಕಿಗಳನ್ನೂ ಹೆಚ್ಚು ನಂಬಬಹುದು. ಪೆಟ್‌ಗೆ ಕಾರ್ಬನ್-11 ಇದೆ, ಪಾಲ್ಮಿಟಿಕ್ ಆಮ್ಲ ಎಂಬ ಸಹಜ ಕೊಬ್ಬಿನಾಮ್ಲದಲ್ಲೇ ಅದನ್ನು ಕೂರಿಸಬಹುದು, ಅಣುವಿನ ಆಕಾರ ಒಂಚೂರೂ ಬದಲಾಗುವುದಿಲ್ಲ. ಆದರೆ ಅದರ ಅರ್ಧಾಯುಷ್ಯ, ಅಂದರೆ ವಿಕಿರಣ ಅರ್ಧಕ್ಕೆ ಇಳಿಯುವ ಸಮಯ, 20 ನಿಮಿಷ. ಮಾಡಿ ಮುಗಿಸಿ ಕೈತೊಳೆಯುವಷ್ಟರಲ್ಲಿ ಮುಕ್ಕಾಲು ಪಾಲು ಹೋಗಿರುತ್ತದೆ. ಮೂರು ಗಂಟೆಯ ನಂತರದ ಚಿತ್ರವಂತೂ ಕನಸಿನ ಮಾತು. ಫ್ಲೋರಿನ್-18ರದ್ದು 110 ನಿಮಿಷ. ಮಾಡಲು ಒಂದೂವರೆ ಗಂಟೆ ಹಿಡಿದರೂ ಅರ್ಧಕ್ಕಿಂತ ಜಾಸ್ತಿ ಉಳಿದಿರುತ್ತದೆ. ಹಾಗಾಗಿ ಫ್ಲೋರಿನ್.

ಕೆಲಸ ಬೆಳಿಗ್ಗೆ ಬೇಗ ಶುರುವಾಗುತ್ತಿತ್ತು. ಆಕ್ಸಿಜನ್-18 ಇರುವ ನೀರಿಗೆ ಸೈಕ್ಲೋಟ್ರಾನ್ ಎಂಬ ಕಣಗಳನ್ನು ವೇಗವಾಗಿ ಓಡಿಸುವ ಯಂತ್ರದಿಂದ ಪ್ರೋಟಾನ್ ಹೊಡೆದರೆ ಫ್ಲೋರಿನ್-18 ಹುಟ್ಟುತ್ತದೆ. ಸಣ್ಣ ಕೊಳವೆಯಲ್ಲಿ ಆ ನೀರು ಹಾಟ್ ಸೆಲ್‌ಗೆ ಬರುತ್ತದೆ. ಹಾಟ್ ಸೆಲ್ ಅಂದರೆ ದಪ್ಪ ಸೀಸದ ಗೋಡೆಯ ಪೆಟ್ಟಿಗೆ. ಹೊರಗೆ ಕೂತು ಪರದೆ ನೋಡುತ್ತಾ ಒಳಗಿನ ಯಂತ್ರದಿಂದ ಕೆಲಸ ಮಾಡಿಸಬೇಕು. (ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಹಾಕಿಕೊಳ್ಳುವ ಸೀಸದ ಏಪ್ರನ್ ಇಲ್ಲಿ ಹೆಚ್ಚುಕಡಿಮೆ ದಂಡ. ಪೆಟ್‌ನ ಗಾಮಾ ಕಿರಣಗಳ ಶಕ್ತಿ 511 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಷ್ಟು ತೆಳು ಸೀಸವನ್ನು ಅವು ಲೆಕ್ಕಕ್ಕೇ ಇಡುವುದಿಲ್ಲ. ದೂರ ನಿಲ್ಲುವುದು, ಬೇಗ ಮುಗಿಸುವುದು, ಇವೇ ನಿಜವಾದ ರಕ್ಷಣೆ.)

ಆ ನೀರಿನಲ್ಲಿ ಫ್ಲೋರಿನ್ ಫ್ಲೋರೈಡ್ ರೂಪದಲ್ಲಿರುತ್ತದೆ, ಅದು ಮಹಾ ಸೋಮಾರಿ. ನೀರಿನ ಅಣುಗಳು ಅದರ ಸುತ್ತ ಮುತ್ತಿಗೆ ಹಾಕಿರುತ್ತವೆ, ಅದು ಬೇರೆ ಯಾರ ಜೊತೆಗೂ ಸೇರುವುದಿಲ್ಲ. ಅದಕ್ಕೇ ಮೊದಲು ಒಣಗಿಸಬೇಕು. ಅಸಿಟೋನೈಟ್ರೈಲ್ ಹಾಕು, ಬಿಸಿ ಮಾಡು, ಹೀಲಿಯಂ ಊದು. ಮತ್ತೆ ಹಾಕು, ಮತ್ತೆ ಊದು. ಜೊತೆಗೆ ಕ್ರಿಪ್ಟೋಫಿಕ್ಸ್ ಅನ್ನುವ ಪಂಜರದಂಥ ಅಣು ಇರುತ್ತದೆ. ಅದು ಪೊಟ್ಯಾಸಿಯಂ ಅನ್ನು ಒಳಗೆ ಹಿಡಿದುಕೊಂಡು ಫ್ಲೋರೈಡನ್ನು ಒಂಟಿಯಾಗಿ ಬಿಡುತ್ತದೆ. ಒಂಟಿ ಫ್ಲೋರೈಡ್ ಸಿಕ್ಕಿದ್ದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಒಂದು ಹನಿ ನೀರು ಉಳಿದರೂ ಆ ದಿನ ಮುಗಿದ ಹಾಗೆ. ಮೊದಲ ಎರಡು ತಿಂಗಳು ನನ್ನ ಬಹಳಷ್ಟು ದಿನಗಳು ಹಾಗೇ ಮುಗಿದವು. ಸೈಕ್ಲೋಟ್ರಾನ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಬೀಮ್ ಕೊಡುವ ಮುಂಚೆ ಫೋನ್ ಮಾಡಿ ಕೇಳುತ್ತಿದ್ದರು: "ಏನಮ್ಮಾ, ಇವತ್ತಾದ್ರೂ ಒಣಗುತ್ತಾ?"

"ನೋಡ್ಬೇಕು ಸರ್" ಅನ್ನುವುದು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ.

ಒಣಗಿದ ಮೇಲೆ ಉಳಿದದ್ದು ಕಷ್ಟವಲ್ಲ. ಪ್ರಿಕರ್ಸರ್ ಹಾಕಿ ಹತ್ತು ನಿಮಿಷ ಬಿಸಿ ಮಾಡಿದರೆ ಫ್ಲೋರಿನ್ ತುದಿಗೆ ಕೂರುತ್ತದೆ. ಆಮೇಲೆ ಕ್ಷಾರ ಹಾಕಿ ಇನ್ನೊಂದು ತುದಿಯ ಮುಚ್ಚಳ ತೆಗೆಯಬೇಕು. ಕೊನೆಗೆ ಎಚ್‌ಪಿಎಲ್‌ಸಿಯಲ್ಲಿ, ಅಂದರೆ ಬೆರೆತ ವಸ್ತುಗಳನ್ನು ಬೇರೆ ಬೇರೆ ಮಾಡುವ ಯಂತ್ರದಲ್ಲಿ, ಶುದ್ಧ ಮಾಡಬೇಕು. ಅಲ್ಲೊಂದು ತಮಾಷೆ ಕಾದಿತ್ತು. ನಮ್ಮ ಅಣು ಯುವಿ ಬೆಳಕಿಗೆ ಕಾಣುವುದೇ ಇಲ್ಲ. ಬೆಳಕನ್ನು ಹೀರುವಂಥ ಭಾಗ ಅದರಲ್ಲಿ ಏನೂ ಇಲ್ಲ, ಉದ್ದಕ್ಕೂ ಕಾರ್ಬನ್ ಹೈಡ್ರೋಜನ್ ಅಷ್ಟೇ. ವಿಕಿರಣ ಡಿಟೆಕ್ಟರಿನಲ್ಲಿ ದೊಡ್ಡ ಶಿಖರ, ಯುವಿಯಲ್ಲಿ ನೇರ ಗೆರೆ. ಆ ಶಿಖರ ನಮ್ಮದೇ ಅಂತ ಸಾಬೀತು ಮಾಡಲು ವಿಕಿರಣವಿಲ್ಲದ ಅದೇ ಅಣುವನ್ನು ಮಾಡಿ, ಬೇರೆ ಬಗೆಯ ಡಿಟೆಕ್ಟರ್ ಹುಡುಕಿ, ಎರಡೂ ಒಂದೇ ನಿಮಿಷಕ್ಕೆ ಹೊರಬರುತ್ತವೆ ಅಂತ ತೋರಿಸಬೇಕಾಯಿತು. ಬಿಎಂಐಪಿಪಿ ಮಾಡುವವರಿಗೆ ಈ ತಲೆನೋವಿಲ್ಲ, ಅವರ ಫಿನೈಲ್ ಉಂಗುರ ಯುವಿಯಲ್ಲಿ ಕಾಣುತ್ತದೆ. ಆ ಉಂಗುರದ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಆಗ.

ಶುದ್ಧವಾದ ಪ್ರೋಬ್ ಕೈಗೆ ಬಂದಿತು, ಸಲೈನ್‌ಗೆ ಹಾಕಿದೆ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿದೆ. ಸೋಸಿದ ಮೇಲೆ ಅಳೆದರೆ ಬಾಟಲಿಯಲ್ಲಿ ಏನೂ ಇಲ್ಲ! ಗಾಬರಿಯಾಗಿ ಎಲ್ಲವನ್ನೂ ಒಂದೊಂದಾಗಿ ವಿಕಿರಣ ಅಳೆಯುವ ಡೋಸ್ ಕ್ಯಾಲಿಬ್ರೇಟರಿಗೆ ಹಾಕಿ ನೋಡಿದೆ. ಬಹುಪಾಲು ಫಿಲ್ಟರಿನಲ್ಲಿತ್ತು, ಉಳಿದದ್ದು ಸಿರಿಂಜಿನ ಗೋಡೆಯಲ್ಲಿ. ಯೋಚಿಸಿದರೆ ಸಹಜವೇ. ಕೊಬ್ಬು ನೀರಿನಲ್ಲಿ ಯಾಕೆ ಇರುತ್ತದೆ? ಎದುರಿಗೆ ಪ್ಲಾಸ್ಟಿಕ್ ಕಂಡರೆ ಹೋಗಿ ಅಂಟಿಕೊಳ್ಳುತ್ತದೆ. ರಕ್ತದಲ್ಲಿ ಕೊಬ್ಬಿನಾಮ್ಲ ಒಂಟಿಯಾಗಿ ಓಡಾಡುವುದು ತೀರಾ ಕಡಿಮೆ, ಆಲ್ಬುಮಿನ್ ಎಂಬ ಪ್ರೋಟೀನಿನ ಬೆನ್ನೇರಿ ಹೋಗುತ್ತದೆ. ನಾವೂ ಹಾಗೇ ಮಾಡಿದೆವು. ಸ್ವಲ್ಪವೇ ಎಥನಾಲ್‌ನಲ್ಲಿ ಪ್ರೋಬ್ ಕರಗಿಸಿ, ಆಲ್ಬುಮಿನ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟು, ಮೆಲ್ಲಗೆ ತಿರುಗಿಸುವುದು. ಕುಲುಕಿದರೆ ನೊರೆ ಬರುತ್ತದೆ. ಹಾಟ್ ಸೆಲ್ಲಿನ ಬಾಗಿಲ ಮೇಲೆ 'ಕುಲುಕಬೇಡಿ' ಅಂತ ನಾನೇ ಚೀಟಿ ಅಂಟಿಸಿದೆ, ನನಗಾಗಿಯೇ.

ಇಲಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಅನುಮತಿ ಅಷ್ಟರಲ್ಲಿ ಬಂದಿತ್ತು. ಅರಿವಳಿಕೆ ಕೊಟ್ಟ ಇಲಿ, ಬಾಲದ ರಕ್ತನಾಳದಲ್ಲಿ ಸೂಜಿ, ಪ್ರೋಬ್ ಒಳಗೆ. ಸ್ಕ್ಯಾನರ್ ಓಡಲು ಶುರುವಾಯಿತು. ಮೊದಲ ಎರಡು ನಿಮಿಷದಲ್ಲಿ ಹೃದಯ ಬೆಳಗಿತು. ನನ್ನ ಪಕ್ಕದಲ್ಲಿದ್ದವರು ಬೆನ್ನು ತಟ್ಟಿದರು. ಇಪ್ಪತ್ತು ನಿಮಿಷಕ್ಕೆ ಹೃದಯ ಮಂಕಾಯಿತು, ಬೆನ್ನುಮೂಳೆ ಕಾಣಲು ಶುರುವಾಯಿತು. ಒಂದು ಗಂಟೆಗೆ ಪರದೆಯ ಮೇಲೆ ಇಡೀ ಅಸ್ಥಿಪಂಜರ ಇತ್ತು. ತಲೆಬುರುಡೆ, ದವಡೆ, ಪಕ್ಕೆಲುಬು, ಕಾಲಿನ ಕೀಲುಗಳು. ಶಾಲೆಯ ಪ್ರಯೋಗಾಲಯದಲ್ಲಿ ತೂಗುಹಾಕಿರುತ್ತಾರಲ್ಲ, ಅಷ್ಟು ಸ್ಪಷ್ಟ.

ಬಿಡಿ ಫ್ಲೋರೈಡ್ ಮೂಳೆಗೆ ಹೋಗುತ್ತದೆ ಅನ್ನುವುದು ಹಳೆಯ ವಿಷಯ. ಫ್ಲೋರಿನ್-18 ಕೊಟ್ಟು ಮೂಳೆಯ ಸ್ಕ್ಯಾನ್ ಮಾಡಬಹುದು ಅಂತ 1962ರಲ್ಲೇ ತೋರಿಸಿದ್ದಾರೆ. ಹೃದಯದ ಪ್ರೋಬ್ ಮಾಡಲು ಹೋಗಿ ನಾನು 1962ಕ್ಕೆ ಹೋಗಿ ನಿಂತಿದ್ದೆ. ಚುಚ್ಚಿದ ದ್ರಾವಣದಲ್ಲೇ ಬಿಡಿ ಫ್ಲೋರೈಡ್ ಇತ್ತಾ? ಪರೀಕ್ಷೆ ಮಾಡಿದರೆ ಇರಲಿಲ್ಲ. ರಕ್ತದಲ್ಲಿ ಒಡೆಯುತ್ತಾ? ಕೊಳವೆಯಲ್ಲಿ ರಕ್ತದ ಜೊತೆ ಎರಡು ಗಂಟೆ ಇಟ್ಟರೂ ಏನೂ ಆಗಲಿಲ್ಲ. ಅಂದರೆ ದೇಹದ ಒಳಗೆ, ಜೀವಕೋಶದೊಳಗೆ ಯಾರೋ ಫ್ಲೋರಿನ್ ಕಿತ್ತುಹಾಕುತ್ತಿದ್ದಾರೆ.

ಗೈಡ್ ಮೇಡಂ ಚಿತ್ರವನ್ನು ನೋಡಿ ಬೈಯಲಿಲ್ಲ. "ಇದರಲ್ಲಿ ಕಾರ್ಬನ್ ಎಷ್ಟು?" ಅಂದರು.

"ಹದಿನೇಳು, ಮೇಡಂ."

"ಬೆಸ ಅಲ್ವಾ?"

"ಹೌದು."

"ಕ್ನೂಪ್ ಏನು ಮಾಡಿದ ಅಂತ ಓದ್ಕೊಂಡು ಬಾ, ಆಮೇಲೆ ಮಾತಾಡೋಣ."

ಓದಿದೆ. 1904ರಲ್ಲಿ ಫ್ರಾನ್ಸ್ ಕ್ನೂಪ್ ಎಂಬ ಜರ್ಮನ್ ವಿಜ್ಞಾನಿ ನಾಯಿಗಳಿಗೆ ಕೊಬ್ಬಿನಾಮ್ಲ ತಿನ್ನಿಸಿದ. ಸುಮ್ನೆ ಕೊಬ್ಬಿನಾಮ್ಲವಲ್ಲ, ಬಾಲಕ್ಕೆ ಫಿನೈಲ್ ಉಂಗುರ ಕಟ್ಟಿದ್ದು. ಆ ಉಂಗುರವನ್ನು ದೇಹ ಒಡೆಯಲಾರದು, ಮೂತ್ರದಲ್ಲಿ ಹೊರಗೆ ಬರುತ್ತದೆ. ಅಣುವಿಗೆ ವಿಕಿರಣದ ಗುರುತು ಕಟ್ಟುವುದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಅದೇ ಅವನ ಟ್ರೇಸರ್, ಹಿಂಬಾಲಿಸುವ ಗುರುತು. ಸರಪಳಿಯಲ್ಲಿ ಬೆಸ ಸಂಖ್ಯೆಯ ಕಾರ್ಬನ್ ಇದ್ದರೆ ಕೊನೆಗೆ ಉಂಗುರಕ್ಕೆ ಒಂದು ಕಾರ್ಬನ್ ಅಂಟಿಕೊಂಡು ಉಳಿದ ವಸ್ತು ಸಿಕ್ಕಿತು. ಸಮ ಸಂಖ್ಯೆ ಇದ್ದರೆ ಎರಡು ಕಾರ್ಬನ್ ಉಳಿದದ್ದು ಸಿಕ್ಕಿತು. ಅಂದರೆ ದೇಹ ಕೊಬ್ಬಿನಾಮ್ಲವನ್ನು ಆಮ್ಲದ ತುದಿಯಿಂದ ಎರಡೆರಡು ಕಾರ್ಬನ್ ತುಂಡುಮಾಡುತ್ತಾ ಬರುತ್ತದೆ. ಬೀಟಾ ಆಕ್ಸಿಡೇಶನ್ ಅಂತ ಪಾಠದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದು ಇದೇ. ಪರೀಕ್ಷೆಗೆ ಓದಿದ್ದು ಲ್ಯಾಬಿನಲ್ಲಿ ನೆನಪಾಗಲ್ಲ, ಯಾಕೋ.

ಈಗ 17 ಕಾರ್ಬನ್ ಇಟ್ಟು ನಾನೇ ಲೆಕ್ಕ ಹಾಕಿದೆ. ಎರಡೆರಡರಂತೆ ಏಳು ಸಲ ಕತ್ತರಿಸಿದರೆ 14 ಹೋಗಿ 3 ಉಳಿಯುತ್ತದೆ. ಮೂರನೆಯದರ ಮೇಲೆ ಫ್ಲೋರಿನ್. ಮುಂದಿನ ಕತ್ತರಿ ಬೀಳಬೇಕಾದದ್ದು ಸರಿಯಾಗಿ ಆ ಕಾರ್ಬನ್ನಿನ ಹತ್ತಿರವೇ. ಅಲ್ಲಿ ಎಂಜೈಮ್ ಕೈ ಹಾಕಿದ ಕೂಡಲೇ ಫ್ಲೋರಿನ್ ಉದುರಿ ಹೋಗುತ್ತದೆ, ನೇರ ಮೂಳೆಗೆ. 16 ಇದ್ದರೆ? ಏಳು ಸಲ ಕತ್ತರಿಸಿದ ಮೇಲೆ 2 ಉಳಿಯುತ್ತದೆ, ಫ್ಲೋರೋಅಸಿಟೇಟ್. ಅಲ್ಲಿ ಫ್ಲೋರಿನ್ ಗಟ್ಟಿಯಾಗಿ ಕೂತಿರುತ್ತದೆ. ಇದನ್ನು ನಾನು ಕಂಡುಹಿಡಿದೆ ಅಂದುಕೊಂಡು ಖುಷಿಪಡುವಷ್ಟರಲ್ಲಿ, ಜರ್ಮನಿಯ ಗುಂಪೊಂದು ಫ್ಲೋರಿನ್-18 ಕೊಬ್ಬಿನಾಮ್ಲಗಳ ಈ ಬೆಸ-ಸಮ ವ್ಯತ್ಯಾಸವನ್ನೇ ಇಲಿಗಳಲ್ಲಿ ನೋಡಿ 1979ರಲ್ಲಿ ಬರೆದ ಲೇಖನ ಸಿಕ್ಕಿತು. ಶೀರ್ಷಿಕೆಯಲ್ಲೇ ಬೆಸ-ಸಮ ಅಂತ ಇತ್ತು.

ಫ್ಲೋರೋಅಸಿಟೇಟ್ ಅಂದರೆ ವಿಷ, ಇಲಿ ಪಾಷಾಣವಾಗಿ ಬಳಸಿದ್ದೇ ಅದು. ಪಶ್ಚಿಮ ಆಫ್ರಿಕಾದ ಒಂದು ಗಿಡ ತನ್ನ ಬೀಜದಲ್ಲಿ ತುದಿಗೆ ಫ್ಲೋರಿನ್ ಇರುವ 18 ಕಾರ್ಬನ್ನಿನ ಕೊಬ್ಬಿನಾಮ್ಲವನ್ನೇ ಮಾಡಿಟ್ಟುಕೊಂಡಿದೆ. ತಿಂದ ಪ್ರಾಣಿಯ ದೇಹ ಅದನ್ನು ಎರಡೆರಡಾಗಿ ಕತ್ತರಿಸಿ ತಾನೇ ವಿಷ ಮಾಡಿಕೊಳ್ಳುತ್ತದೆ. ಗಿಡಕ್ಕೂ ಬೆಸ-ಸಮದ ಲೆಕ್ಕ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಭಯ ಬೇಡ, ನಾವು ಕೊಡುವ ಪ್ರೋಬಿನ ತೂಕ ಎಷ್ಟು ಕಡಿಮೆ ಎಂದರೆ ವಿಷದ ಮಾತೇ ಬರುವುದಿಲ್ಲ. ವಿಕಿರಣ ಎಣಿಸಲು ಅಣುಗಳು ಜಾಸ್ತಿ ಬೇಕಿಲ್ಲ. ಆದರೂ ಮನುಷ್ಯರಿಗೆ ಕೊಡುವ ಮುಂಚೆ ಇದನ್ನು ಕಾಗದದ ಮೇಲೆ, ಪ್ರಾಣಿಯ ಮೇಲೆ, ಎರಡರಲ್ಲೂ ತೋರಿಸಲೇಬೇಕು.

16ರ ಪ್ರಿಕರ್ಸರ್ ಮಾಡಲು ನಾಲ್ಕು ತಿಂಗಳಾಯಿತು. ಅದನ್ನು ಇಲಿಗೆ ಕೊಟ್ಟ ದಿನ ಮೂಳೆಗಳು ಸುಮ್ಮನಿದ್ದವು. ಹೃದಯವೂ ಕಂಡಿತು. ಆದರೆ ಎದೆಗಿಂತ ಜಾಸ್ತಿ ಬೆಳಗಿದ್ದು ಇಲಿಯ ಎರಡು ಭುಜಗಳ ನಡುವೆ ಒಂದು ಚಿಟ್ಟೆಯಾಕಾರ. ಗಡ್ಡೆ ಏನಾದರೂ ಇದೆಯಾ ಅಂತ ಹೆದರಿದೆ. ಅದು ಕಂದು ಕೊಬ್ಬು. ಚಳಿಯಾದಾಗ ಮೈ ಬಿಸಿ ಮಾಡಲು ಕೊಬ್ಬು ಸುಡುವ ಅಂಗಾಂಶ. ಅರಿವಳಿಕೆಯಲ್ಲಿರುವ ಇಲಿಗೆ ಮೈ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ, ಸ್ಕ್ಯಾನರ್ ಕೋಣೆಯ ಎಸಿ ಜೋರಾಗಿತ್ತು. ಅಂದಿನಿಂದ ಇಲಿಗಳನ್ನು ಮುಂಚಿನಿಂದಲೂ ಬಿಸಿ ಹಾಸಿನ ಮೇಲೆ ಇಟ್ಟೆವು, ಎಲ್ಲಕ್ಕೂ ಒಂದೇ ಹೊತ್ತಿನ ಉಪವಾಸ ಮಾಡಿಸಿದೆವು. ಹೊಟ್ಟೆ ತುಂಬಿದ ಇಲಿಯ ಹೃದಯ ಸಕ್ಕರೆಯ ಕಡೆ ವಾಲುತ್ತದೆ, ಕೊಬ್ಬಿನ ಪ್ರೋಬನ್ನು ಅಷ್ಟಾಗಿ ತೆಗೆದುಕೊಳ್ಳುವುದಿಲ್ಲ. ಉಪವಾಸ, ಬಿಸಿ, ಅರಿವಳಿಕೆ, ಈ ಮೂರನ್ನು ಬರೆದಿಡದ ಚಿತ್ರವನ್ನು ನಾನು ಈಗ ನಂಬುವುದಿಲ್ಲ.

ಇಷ್ಟಾದರೂ 16ರ ಪ್ರೋಬ್ ನಮಗೆ ಬೇಕಾದ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಹೃದಯ ಅದನ್ನು ತೆಗೆದುಕೊಂಡ ಕೂಡಲೇ ಸುಡಲು ಶುರುಮಾಡುತ್ತಿತ್ತು. ಹೃದಯ ಬಿಟ್ಟು ಹೋದದ್ದು ಸುಟ್ಟು ಹೋದದ್ದೋ, ಉಗ್ರಾಣದಿಂದ ಬಿಡುಗಡೆಯಾಗಿ ಹೋದದ್ದೋ ಹೇಳುವುದು ಹೇಗೆ? ನಮಗೆ ಉಗ್ರಾಣದ ಲೆಕ್ಕ ಬೇಕು. ಪ್ರೋಬ್ ಟ್ರೈಗ್ಲಿಸರೈಡ್ ಆಗಿ ಕೂರಬೇಕು, ಬೇಗ ಸುಡಬಾರದು. ಬಿಎಂಐಪಿಪಿಯ ಹೆಸರಿನಲ್ಲೇ ಉಪಾಯ ಇದೆ, 'ಬೀಟಾ ಮಿಥೈಲ್'. ಮೂರನೆಯ ಕಾರ್ಬನ್ನಿಗೆ ಪಕ್ಕದಿಂದ ಒಂದು ಮಿಥೈಲ್ ಗುಂಪು (ಒಂದೇ ಕಾರ್ಬನ್ನಿನ ಸಣ್ಣ ಕವಲು) ಸೇರಿಸಿದರೆ ಬೀಟಾ ಆಕ್ಸಿಡೇಶನ್ನಿನ ಕತ್ತರಿಗೆ ಅದು ಅಡ್ಡಗಾಲು. ಹೃದಯಕ್ಕೆ ಅದು ಕೊಬ್ಬಿನಾಮ್ಲವೇ, ಒಳಗೆ ಬಿಡುತ್ತದೆ, ಹನಿಗಳಲ್ಲಿ ಕೂರಿಸುತ್ತದೆ, ಸುಡಲು ಹೋದಾಗ ಮಾತ್ರ ತೊಡಕು. ದೇಹಕ್ಕೆ ಅನುಮಾನ ಬಾರದಷ್ಟೇ ತಪ್ಪಾದ ಅಣು ಬೇಕು.

ಸರಿ, 16 ಕಾರ್ಬನ್, ಮೂರನೆಯದರಲ್ಲಿ ಮಿಥೈಲ್, ತುದಿಯಲ್ಲಿ ಫ್ಲೋರಿನ್. ಮತ್ತೆ ಐದು ತಿಂಗಳು. ಈ ಸಲ ಹೃದಯ ಒಂದು ಗಂಟೆಯಾದರೂ ಬೆಳಗುತ್ತಲೇ ಇತ್ತು. ಮೂರು ಗಂಟೆಯ ಚಿತ್ರ ತೆಗೆಯಲು ಕೂತೆ. ಬೆನ್ನುಮೂಳೆ ಕಂಡಿತು.

ಆ ಸಂಜೆ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಸಮ ಸಂಖ್ಯೆ, ಮಿಥೈಲ್ ಅಡ್ಡಗಾಲು, ಎಲ್ಲಾ ಇದೆ, ಮತ್ತೆ ಫ್ಲೋರೈಡ್ ಹೇಗೆ ಉದುರಿತು? ಮೇಡಂ ಬೋರ್ಡಿನ ಮುಂದೆ ನಿಂತು ಅಣು ಬರೆದರು. ಸ್ವಲ್ಪ ಹೊತ್ತು ನೋಡಿ, ಮೊದಲ ಕಾರ್ಬನ್ನನ್ನು ಬೆರಳಿನಿಂದ ಒರೆಸಿಬಿಟ್ಟರು. "ಈಗ ಎಣಿಸು" ಅಂದರು.

15.

ಬೀಟಾ ಜಾಗದಲ್ಲಿ ಅಡ್ಡಿ ಇದ್ದಾಗ ದೇಹಕ್ಕೆ ಇನ್ನೊಂದು ದಾರಿ ಇದೆ, ಆಲ್ಫಾ ಆಕ್ಸಿಡೇಶನ್. ನಿಧಾನವಾಗಿ ಒಂದೇ ಒಂದು ಕಾರ್ಬನ್ ತೆಗೆಯುತ್ತದೆ. ಆಗ ಮಿಥೈಲ್ ಒಂದು ಮನೆ ಹಿಂದೆ ಸರಿಯುತ್ತದೆ, ಅಡ್ಡಿ ತಪ್ಪುತ್ತದೆ, ಮಾಮೂಲಿ ಎರಡೆರಡರ ಕತ್ತರಿ ಮುಂದುವರಿಯುತ್ತದೆ. ಈ ದಾರಿ ಇರುವುದು ಸುಮ್ನೆ ಅಲ್ಲ. ನಾವು ತಿನ್ನುವುದರಲ್ಲಿ ಫೈಟಾನಿಕ್ ಆಮ್ಲ ಅನ್ನುವ ಕವಲು ಕವಲಾದ ಕೊಬ್ಬಿನಾಮ್ಲ ಬರುತ್ತದೆ, ಅದರ ಮೂರನೆಯ ಕಾರ್ಬನ್ನಿನಲ್ಲೂ ಮಿಥೈಲ್ ಇದೆ. ಹುಟ್ಟಿನಿಂದಲೇ ಆಲ್ಫಾ ದಾರಿ ಮುಚ್ಚಿರುವವರಿಗೆ ರೆಫ್ಸಮ್ ಕಾಯಿಲೆ ಬರುತ್ತದೆ, ಆ ಆಮ್ಲ ಮೈಯಲ್ಲೆಲ್ಲಾ ಶೇಖರವಾಗುತ್ತದೆ. ಕೊಬ್ಬಿಗೆ ಸಂಬಂಧಿಸಿದ ಕಾಯಿಲೆಗಳ ಪಟ್ಟಿಯಲ್ಲಿ ಆ ಹೆಸರನ್ನು ಹತ್ತು ಸಲ ಓದಿದ್ದೆ. ನನ್ನ ಅಣುವಿಗೂ ಅದಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ.

ಒಂದು ಕಾರ್ಬನ್ ಹೋದರೆ ಸಮ ಬೆಸವಾಗುತ್ತದೆ, ಬೆಸ ಸಮವಾಗುತ್ತದೆ. ಹಾಗಾದರೆ ಮಿಥೈಲ್ ಇರುವ ಪ್ರೋಬಿಗೆ ಬೆಸ ಸರಪಳಿಯೇ ಬೇಕು. ಬಿಎಂಐಪಿಪಿಯ ಸರಪಳಿ ಎಷ್ಟು? 15. ಅದು ಪೂರ್ತಿ ಒಡೆದ ಮೇಲೆ ಕೊನೆಗೆ ಉಳಿಯುವುದು ಉಂಗುರಕ್ಕೆ ಎರಡು ಕಾರ್ಬನ್ ಇರುವ ವಸ್ತು, ಕ್ನೂಪ್‌ನ ಸಮ ಸಂಖ್ಯೆಯ ನಾಯಿಗೆ ಬಂದ ಹಾಗೆ. ಮಿಥೈಲ್ ಇಲ್ಲದ ಅದರ ಅಣ್ಣ ಐಪಿಪಿಎ ಕೂಡ 15ರದ್ದೇ, ಅದರಿಂದ ಬರುವುದು ಒಂದು ಕಾರ್ಬನ್ ಉಳಿದದ್ದು. ಎಲ್ಲಾ ಉತ್ತರ ನನ್ನ ಮೇಜಿನ ಮೇಲೇ ಬಿದ್ದಿತ್ತು.

"ಮೇಡಂ, ಹಾಗಾದ್ರೆ ಹದಿನೇಳು..."

"ಆ ಹಳೇ ಬಾಟಲಿ ಎಸೆದಿಲ್ಲ ತಾನೇ?" ಅಂದರು.

ಎಸೆದಿರಲಿಲ್ಲ. ಆದರೆ ಅದರಲ್ಲಿದ್ದದ್ದಕ್ಕೆ ಮಿಥೈಲ್ ಸುಲಭವಾಗಿ ಸೇರಿಸಲು ಬರುವುದಿಲ್ಲ, ಹೊಸದಾಗಿಯೇ ಕಟ್ಟಬೇಕಾಯಿತು. ಈ ಸಲ ಕೈ ಪಳಗಿತ್ತು, ಬೇಗ ಆಯಿತು. ಹೊಸ ಬಾಟಲಿಯ ಮೇಲೆ 17 ಅಂತ ದಪ್ಪ ಅಕ್ಷರದಲ್ಲಿ ಬರೆದೆ. ಮೂರು ಗಂಟೆಯ ಚಿತ್ರದಲ್ಲಿ ಮೂಳೆ ಹುಡುಕಬೇಕಾದಷ್ಟು ಮಂಕಾಗಿತ್ತು.

ಉಳಿದಿದ್ದು ನಿಜವಾದ ಪರೀಕ್ಷೆ. ಎಟಿಜಿಎಲ್ ಇಲ್ಲದ ಇಲಿಗಳಿವೆ. ಅವುಗಳ ಹೃದಯದಲ್ಲಿ ಕೊಬ್ಬು ತುಂಬಿಕೊಳ್ಳುತ್ತಾ ಹೋಗುತ್ತದೆ, ಕೆಲವೇ ತಿಂಗಳು ಬದುಕುತ್ತವೆ. ಸಾಮಾನ್ಯ ಇಲಿ ಮತ್ತು ಈ ಇಲಿ, ಎರಡಕ್ಕೂ ಪ್ರೋಬ್ ಕೊಟ್ಟು ಅರ್ಧ ಗಂಟೆಗೆ ಒಂದು ಚಿತ್ರ, ನಾಲ್ಕು ಗಂಟೆಗೆ ಒಂದು ಚಿತ್ರ. ರಾತ್ರಿಯೆಲ್ಲಾ ಕೂತು ವಾಶ್‌ಔಟ್ ಲೆಕ್ಕ ಹಾಕಿದೆ. ಸಾಮಾನ್ಯ ಇಲಿಯಲ್ಲಿ ಭರ್ಜರಿ ವಾಶ್‌ಔಟ್. ಎಟಿಜಿಎಲ್ ಇಲ್ಲದ ಇಲಿಯಲ್ಲೂ ಶೇಕಡಾ 70ರ ಮೇಲೆ! ಬೀಗ ಹಾಕಿದ ಉಗ್ರಾಣದಿಂದ ಇಷ್ಟು ಹೇಗೆ ಹೊರಹೋಯಿತು? ಹೊಸ ಸಿದ್ಧಾಂತವೇ ಹುಟ್ಟಿತು ಅಂತ ಬೆಳಿಗ್ಗೆ ಮೇಡಂ ಮುಂದೆ ಗ್ರಾಫ್ ಇಟ್ಟೆ. ಬೇರೆ ಎಂಜೈಮ್ ಏನೋ ಇರಬೇಕು ಅಂತೆಲ್ಲಾ ಹೇಳಿದೆ.

ಅವರು ಗ್ರಾಫ್ ಅನ್ನು ಎರಡು ನಿಮಿಷ ನೋಡಿದರು. "ಪ್ರೋಬನ್ನ ಒಂದು ಬಾಟಲಿಯಲ್ಲಿ ಹಾಕಿ, ಬಿರಡೆ ಬಿಗಿದು, ಮೇಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡಿದ್ರೂ ಇಷ್ಟೇ ವಾಶ್‌ಔಟ್ ಬರುತ್ತೆ, ಅಲ್ವಾ?"

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮೂರೂವರೆ ಗಂಟೆ ಅಂದರೆ 210 ನಿಮಿಷ. ಫ್ಲೋರಿನ್-18 ಅಷ್ಟರಲ್ಲಿ ತಾನಾಗಿಯೇ ಕಾಲು ಭಾಗಕ್ಕೆ ಇಳಿದಿರುತ್ತದೆ. ಆ ಇಳಿಕೆಯನ್ನು ಸರಿದೂಗಿಸುವ ಒಂದು ಚಿಕ್ಕ ಚೌಕ ಸಾಫ್ಟ್‌ವೇರಿನಲ್ಲಿದೆ. ಅದಕ್ಕೆ ಟಿಕ್ ಹಾಕಿರಲಿಲ್ಲ. ಪ್ರೋಬ್ ಹೃದಯ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅದರ ಗಡಿಯಾರ ಓಡಿತ್ತು, ಅಷ್ಟೇ.

ಟಿಕ್ ಹಾಕಿ ಮತ್ತೆ ಲೆಕ್ಕ ಮಾಡಿದ ಮೇಲೆ ಎರಡು ಗುಂಪು ಬೇರೆ ಬೇರೆಯಾಗಿ ಬಂದವು. ಸಾಮಾನ್ಯ ಇಲಿಗಳ ಹೃದಯ ಖಾಲಿಯಾಗುತ್ತಾ ಬಂದಿತ್ತು, ಎಟಿಜಿಎಲ್ ಇಲ್ಲದವುಗಳದ್ದು ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಇಷ್ಟು ಬಿದ್ದ ಮೇಲೆ ನಾನು ಚಿತ್ರವನ್ನು ಸುಮ್ನೆ ನಂಬುವ ಸ್ಥಿತಿಯಲ್ಲಿರಲಿಲ್ಲ. ಹೃದಯದಲ್ಲಿ ಉಳಿದದ್ದು ನಿಜವಾಗಿ ಟ್ರೈಗ್ಲಿಸರೈಡಿನಲ್ಲೇ ಇದೆಯಾ? ಚಿತ್ರ ಅದನ್ನು ಹೇಳುವುದಿಲ್ಲ. ಪೆಟ್ ಸ್ಕ್ಯಾನರಿಗೆ ಫ್ಲೋರಿನ್ ಎಲ್ಲಿದೆ ಅಂತ ಮಾತ್ರ ಗೊತ್ತು, ಯಾರ ಜೊತೆಗಿದೆ ಅಂತ ಗೊತ್ತಿಲ್ಲ.

ಮನುಷ್ಯರ ತನಕ ಹೋಗಲು ಇನ್ನೂ ಬಹಳ ಇದೆ. ಪ್ರತಿ ಬ್ಯಾಚಿನ ಪಿಎಚ್, ಉಳಿದ ಕ್ರಿಪ್ಟೋಫಿಕ್ಸ್, ಎಥನಾಲ್, ಎಂಡೋಟಾಕ್ಸಿನ್, ಯಾವ ಅಂಗಕ್ಕೆ ಎಷ್ಟು ವಿಕಿರಣ, ವಿಷ ಪರೀಕ್ಷೆ. ಅದೆಲ್ಲಾ ಫೈಲುಗಳ ಲೋಕ, ಅದನ್ನು ನೋಡಿಕೊಳ್ಳುವ ತಂಡ ಬೇರೆಯೇ ಇದೆ. ಕೊನೆಯದಾಗಿ ನನ್ನ ಕೈಯಿಂದ ಆಗಬೇಕಾಗಿದ್ದು ಇದೊಂದು ಪ್ರಯೋಗ.

ನಾಲ್ಕು ಗಂಟೆಯ ಸ್ಕ್ಯಾನ್ ಮುಗಿದ ಇಲಿಯ ಹೃದಯ. ಒಂದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು ತೂಕ, ಬಟಾಣಿಗಿಂತ ಚಿಕ್ಕದು. ಕ್ಲೋರೋಫಾರ್ಮ್ ಮತ್ತು ಮೆಥನಾಲ್ ಸೇರಿಸಿ ಅರೆದು, ಕೊಬ್ಬನ್ನು ಬೇರೆ ತೆಗೆದೆ. ಟಿಎಲ್‌ಸಿ ತಟ್ಟೆಯ (ಬೇರೆ ಬೇರೆ ಕೊಬ್ಬು ಬೇರೆ ಬೇರೆ ಎತ್ತರಕ್ಕೆ ಏರಿ ವಿಂಗಡವಾಗುವ ತಟ್ಟೆ) ಬುಡದಲ್ಲಿ ಒಂದು ಸಣ್ಣ ಚುಕ್ಕೆ ಇಟ್ಟೆ. ಪಕ್ಕದಲ್ಲಿ ಗುರುತಿಗೆ ಟ್ರೈಗ್ಲಿಸರೈಡ್, ಕೊಬ್ಬಿನಾಮ್ಲ, ಫಾಸ್ಫೋಲಿಪಿಡ್. ದ್ರಾವಣ ಮೇಲಕ್ಕೆ ಏರಿತು. ತಟ್ಟೆ ಒಣಗಿಸಿ ವಿಕಿರಣ ಓದುವ ಯಂತ್ರದಲ್ಲಿಟ್ಟೆ. ಅಷ್ಟು ಹೊತ್ತಿಗೆ ಫ್ಲೋರಿನ್ ಎಷ್ಟು ಕಡಿಮೆಯಾಗಿತ್ತೆಂದರೆ, ಒಂದು ತಟ್ಟೆಗೆ ಅರ್ಧ ಗಂಟೆಗಿಂತ ಜಾಸ್ತಿ ಓದಿಸಬೇಕಿತ್ತು.

ಸೈಕ್ಲೋಟ್ರಾನಿನ ಸರ್ ಡ್ಯೂಟಿ ಮುಗಿಸಿ ಬಾಗಿಲಲ್ಲಿ ಇಣುಕಿದರು. "ಏನಮ್ಮಾ, ಇನ್ನೂ ಇಲ್ಲೇ ಇದೀಯಾ?"

"ಒಂದು ಚುಕ್ಕೆ ಬರೋದಿದೆ ಸರ್."

ಅವರೂ ಒಂದು ಸ್ಟೂಲ್ ಎಳೆದುಕೊಂಡು ಕೂತರು. ಪರದೆಯಲ್ಲಿ ಗೆರೆ ಎಡದಿಂದ ಬಲಕ್ಕೆ ಸಾಗಿತು. ಫಾಸ್ಫೋಲಿಪಿಡ್ ಜಾಗದಲ್ಲಿ ಸಣ್ಣ ಉಬ್ಬು. ಕೊಬ್ಬಿನಾಮ್ಲದ ಜಾಗದಲ್ಲಿ ಹೆಚ್ಚೇನಿಲ್ಲ. ಟ್ರೈಗ್ಲಿಸರೈಡ್ ಗುರುತಿನ ಎದುರಿಗೆ ಗೆರೆ ಏರಲು ಶುರುವಾಯಿತು, ಏರುತ್ತಲೇ ಹೋಯಿತು.

"ಒಣಗಿತು ಅನ್ನು" ಅಂದರು ಸರ್.